ಬಾಚಿ ಹಿಡಿದ ಸಿಪಾಯಿಗಳು

ಬೆಂಗಳೂರಿನ ಪೂರ್ವೇತಿಹಾಸವನ್ನು ಬರೆಯಹೊರಟವರು ಪೇಟೆಯ ಕಸುಬುಗಳನ್ನು ವಿಸ್ತಾರವಾಗಿ ವರ್ಣಿಸುವುದು ವಾಡಿಕೆ. ಅರಳೇಪೇಟೆ, ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂದು ಬೀದಿಯ ಹೆಸರನ್ನು ಉಚ್ಚರಿಸಿದೊಡನೆಯೇ ಅಲ್ಲಿ ನೆಲೆಸಿದ್ದವರ ವೃತ್ತಿಯೂ, ಆ ವೃತ್ತಿಯ ಮೂಲಕ ಅವರ ಕುಲವೂ ಕೇಳುವವನಿಗೆ ತಿಳಿದುಹೋಗುತ್ತಿದ್ದುದರಿಂದ ಚರಿತ್ರಕಾರನ ಅರ್ಧ ಕೆಲಸವನ್ನು ಊರಿನ ಬೀದಿಗಳೇ ಮಾಡಿಕೊಟ್ಟಿವೆ ಎನ್ನಬಹುದು. ಆದರೆ ಅದೇ ಊರಿನ ಮೂಡಲಭಾಗದಲ್ಲಿ, 1809ರಲ್ಲಿ ಇಂಗ್ಲಿಷರ ಸೈನ್ಯವು ಶ್ರೀರಂಗಪಟ್ಟಣವನ್ನು ತೊರೆದು ಬಂದು ಬೀಡುಬಿಟ್ಟ ದಂಡುಪ್ರದೇಶದಲ್ಲಿ, ಹಲಸೂರು ಕೆರೆಯ ಆಸುಪಾಸಿನ ಲೈನುಮನೆಗಳಲ್ಲಿ, ಇನ್ನೊಂದು ಬಗೆಯ ಕಸುಬುದಾರರು ತಲೆಮಾರುಗಳಿಂದ ತಯಾರಾಗುತ್ತಲಿದ್ದರು. ಇವರ ಕಸುಬು ತಂದೆಯಿಂದ ಬಂದುದಲ್ಲ, ಬೀದಿಯಿಂದ ಬಂದುದಲ್ಲ. ಹೊಟ್ಟೆಪಾಡಿಗಾಗಿ ಸಿಪಾಯಿಯಾಗಲು ಬಂದವನಿಗೆ ಸರಕಾರವೇ ಬಾಚಿ, ಉಳಿ, ಕರಣೆಗಳನ್ನು ಕೈಗೆ ಕೊಟ್ಟು, ಬಂದೂಕಿನೊಡನೆ ಕಲಿಸಿದ ಕಸುಬು. ಇವರನ್ನು ಸ್ಯಾಪರುಗಳೆಂದು ಕರೆಯುತ್ತಿದ್ದರು. ನಮ್ಮ ತಂದೆ ಅವರಲ್ಲೊಬ್ಬರು.

ಈ ಪಡೆಯ ಜನ್ಮವು ನಮ್ಮ ನಾಡಿಗೆ ಅಷ್ಟೇನೂ ಹಿತವಾದ ಪ್ರಸಂಗದಲ್ಲಿ ಆದುದಲ್ಲ. 1780ರ ಬೇಸಿಗೆ ಕಳೆದ ಮೇಲೆ ಹೈದರಾಲಿಯು ಕರ್ನಾಟಿಕದ ಬಯಲಿಗೆ ಇಳಿದು ಕಂಪನಿಯ ಮದರಾಸು ಸರಕಾರವನ್ನು ಕಂಗೆಡಿಸಿದ್ದನಷ್ಟೆ. ಅದೇ ವರ್ಷದ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ದಾರಿ ಕಡಿಯುವುದಕ್ಕೂ ಕಂದಕ ತೋಡುವುದಕ್ಕೂ ಪಯೋನಿಯರುಗಳ ಎರಡು ತುಕಡಿಗಳನ್ನು ಮದರಾಸಿನವರು ಕಟ್ಟಿದರು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನು ಬೆಂಗಳೂರಿನ ಪೇಟೆಯನ್ನೂ ಎರಡು ವಾರಗಳ ತರುವಾಯ ಕೋಟೆಯನ್ನೂ ಹಿಡಿದಾಗ, ಮತ್ತೆ 1799ರಲ್ಲಿ ಶ್ರೀರಂಗಪಟ್ಟಣದ ಗೋಡೆ ಬಿರಿದಾಗ, ಮಣ್ಣಿನ ಬುಟ್ಟಿ, ಗುದ್ದಲಿ, ಏಣಿಗಳನ್ನು ಹೊತ್ತು ಗುಂಡಿನ ಮಳೆಯಲ್ಲಿ ನಡೆದ ಕೂಲಿಸಿಪಾಯಿಗಳು ಇಂಥವರೇ. ತಾವು ಕೆಡವಿದ ಊರಿನಲ್ಲಿಯೇ ಮುಂದೆ ತಮ್ಮ ಕೇಂದ್ರಸ್ಥಾನವನ್ನು ಹೂಡಿ, ಆ ಊರಿನ ಮನೆಗಳ ಬಾಗಿಲು ಕಿಟಕಿಗಳನ್ನು ರಿಪೇರಿಮಾಡುವ ಪಿಂಚಣಿದಾರರಾಗಿ ಅವರ ಸಂತತಿಯವರು ಮುದುಕರಾದರೆಂಬುದು ಚರಿತ್ರೆಯ ಅನೇಕ ವಕ್ರಗತಿಗಳಲ್ಲೊಂದು. ಅಸ್ಸಾಯೆ, ಜಾವಾ, ಬರ್ಮಾ, ಅಬಿಸೀನಿಯಾ ಎಂದು ಆ ಪಡೆ ಹೋದ ದೇಶಗಳ ಹೆಸರುಗಳನ್ನು ಇಲ್ಲಿ ಒಂದೊಂದಾಗಿ ಎಣಿಸುವ ಅಗತ್ಯವಿಲ್ಲ. ಅನ್ಯರ ಸಾಮ್ರಾಜ್ಯಕ್ಕಾಗಿ ಅನ್ಯರ ದೇಶದಲ್ಲಿ ಅವರು ಕಟ್ಟಿದ ಸೇತುವೆಗಳಿಗೂ ತೋಡಿದ ಬಾವಿಗಳಿಗೂ ಲೆಕ್ಕವಿಲ್ಲ. ಆ ಪರಾಕ್ರಮವನ್ನು ನಾವು ಹೊಗಳಬೇಕೆ, ಬೇಡವೆ ಎಂಬ ಪ್ರಶ್ನೆಗೆ ನನ್ನಲ್ಲಿ ಸಿದ್ಧವಾದ ಉತ್ತರವೂ ಇಲ್ಲ. ನನ್ನ ಕುತೂಹಲವೆಲ್ಲ ಅವರ ಕೈಕಸುಬಿನ ಮೇಲೆ.

ಕಾಲಾಳಿನ ಪಡೆಯಲ್ಲಿ ಸಿಪಾಯಿಯಾದವನಿಗೆ ಯುದ್ಧವಿಲ್ಲದ ಕಾಲದಲ್ಲಿ ಕವಾಯತು ಬಿಟ್ಟರೆ ಬೇರೆ ಕೆಲಸವಿಲ್ಲ. ಸ್ಯಾಪರನ ಸಂಗತಿ ಹಾಗಲ್ಲ. ಅವನು ಮೊದಲು ಸಿಪಾಯಿ. ಸಿಪಾಯಿಯಾದ ಮೇಲೆ ಬಡಗಿ, ಕಮ್ಮಾರ, ಗಾರೆಯವನು, ಕಲ್ಲುಕುಟಿಗ, ತಗಡಿನ ಕೆಲಸದವನು, ಬಣ್ಣ ಬಳಿಯುವವನು ಇವುಗಳಲ್ಲೊಂದು ಕಸುಬನ್ನು ಅವನು ಕಲಿತು, ಟ್ರೇಡ್ ಟೆಸ್ಟ್ ಎಂಬ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ, ಮೂರನೆಯ ದರ್ಜೆಯಿಂದ ಎರಡನೆಯದಕ್ಕೂ ಎರಡನೆಯದರಿಂದ ಮೊದಲನೆಯದಕ್ಕೂ ಏರಬೇಕು. ದರ್ಜೆ ಏರಿದಂತೆ ಸಂಬಳವೂ ಏರುವುದು. ಇದರ ಮೇಲೆ ಹಗ್ಗದ ಗಂಟುಗಳು, ದೋಣಿ ನಡೆಸುವಿಕೆ, ಬಾವಿ ತೋಡಿ ನೀರೆತ್ತುವ ಕ್ರಮ, ಸಿಡಿಮದ್ದಿನ ಲೆಕ್ಕ ಇವು ಎಲ್ಲರಿಗೂ ಸಮಾನ. ಹೀಗೆ ಒಂದು ಕಸುಬಿನಲ್ಲಿ ಪಳಗಿ, ಪಕ್ಕದಲ್ಲಿ ನಿಂತ ಸಂಗಾತಿಗಳ ನಾಲ್ಕಾರು ಕಸುಬುಗಳನ್ನು ನೋಡಿ ನೋಡಿಯೇ ಕೈಗೆ ತಂದುಕೊಂಡು, ಹದಿನೈದು ವರ್ಷದ ಸೇವೆ ಮುಗಿಸಿ ಪಿಂಚಣಿಯೊಡನೆ ಹೊರಬೀಳುವ ಮನುಷ್ಯನು ನಮ್ಮ ಹಳ್ಳಿಗಳ ವ್ಯವಸ್ಥೆಗೆ ತೀರ ಅಪರಿಚಿತನಾದ ಒಬ್ಬ ಹೊಸ ಪ್ರಾಣಿ.

ಏಕೆಂದರೆ ಹಳ್ಳಿಯಲ್ಲಿ ಕೈಕಸುಬಿಗೆ ಎಲ್ಲೆಕಟ್ಟು ಇದ್ದಿತು. ಬಡಗಿ, ಕಮ್ಮಾರ, ಅಗಸ, ಹಜಾಮ, ತೋಟಿ, ತಳವಾರ ಮೊದಲಾದ ಆಯಗಾರರು ವರ್ಷವಿಡೀ ರೈತನ ಕೆಲಸಮಾಡಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ರಾಗಿಯನ್ನು ಅಳೆಸಿಕೊಂಡು ಹೋಗುವುದು ಪದ್ಧತಿ. ನೇಗಿಲು ಮುರಿದರೆ ಅದನ್ನು ಸರಿಪಡಿಸುವ ಹೊಣೆ ಬಡಗಿಯದು. ಸರಿಪಡಿಸುವ ಹಕ್ಕೂ ಅವನದೇ. ಆ ಹಕ್ಕಿನೊಳಗೆ ಇನ್ನೊಬ್ಬನು ಕೈಹಾಕಿದರೆ ಅದು ಬರಿಯ ಸ್ಪರ್ಧೆಯಲ್ಲ, ಕಣದ ರಾಗಿಗೆ ಬಿದ್ದ ಕನ್ನ. ಇನ್ನು ಕೆಳಗಿನವರೆಂದು ಊರು ಹೊರಗಿಟ್ಟ ಜನರ ಪಾಲಿಗಂತೂ ಉಳಿ ಬಾಚಿಗಳನ್ನು ಹಿಡಿಯುವ ಪ್ರಸಕ್ತಿಯೇ ಬರುತ್ತಿರಲಿಲ್ಲ. ಮದರಾಸು ಸ್ಯಾಪರುಗಳ ಪಡೆಯು ಇಂಥವರನ್ನು, ತಮಿಳರು, ತೆಲುಗರು, ಮಲೆಯಾಳಿಗಳು, ಕನ್ನಡಿಗರು, ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಂದು ಭೇದವೆಣಿಸದೆ ಭರ್ತಿಮಾಡಿಕೊಂಡು, ಒಂದೇ ಲಂಗರಿನಲ್ಲಿ ಊಟಕ್ಕೆ ಕೂರಿಸಿ, ಒಂದೇ ಕೊಟ್ಟಿಗೆಯಲ್ಲಿ ಕಸುಬು ಕಲಿಸಿತು. ಇದನ್ನು ಯಾವ ಸಮಾಜಸುಧಾರಣೆಯ ಸಂಕಲ್ಪದಿಂದಲೂ ಅದು ಮಾಡಲಿಲ್ಲ. ಗುದ್ದಲಿ ಹಿಡಿಯಲೊಲ್ಲದ ಸಿಪಾಯಿ ಅದಕ್ಕೆ ಬೇಕಾಗಿರಲಿಲ್ಲ, ಅಷ್ಟೆ. ಆದರೂ ಫಲವು ಸಂಕಲ್ಪಕ್ಕಿಂತ ದೊಡ್ಡದಾಯಿತು. ಹುಟ್ಟಿನಿಂದ ಬರಬೇಕಾಗಿದ್ದ ವಿದ್ಯೆಯು ಪರೀಕ್ಷೆಯಿಂದ ಬರುವಂತಾದುದು ನಮ್ಮ ಭಾಗದಲ್ಲಿ ಬಹುಶಃ ಮೊದಲು ಈ ಕೊಟ್ಟಿಗೆಗಳಲ್ಲಿಯೇ ಎಂದು ನನಗೆ ತೋರುತ್ತದೆ.

ನಮ್ಮ ತಂದೆ ಕೋಲಾರ ಸೀಮೆಯವರು. ಅವರ ಮನೆಯವರು ಕೂಲಿಯ ಬೇಸಾಯಗಾರರು. ಎರಡನೆಯ ಮಹಾಯುದ್ಧಕ್ಕೆ ಕೊಂಚ ಮುಂಚೆ, ಮಳೆ ಕೈಕೊಟ್ಟ ಒಂದು ವರ್ಷ, ಊರಿನ ಇಬ್ಬರು ಹುಡುಗರ ಜೊತೆಯಲ್ಲಿ ಬೆಂಗಳೂರಿಗೆ ಬಂದು ಭರ್ತಿಯಾದರು. ಭರ್ತಿಯ ದಿನ ಎದೆಯ ಸುತ್ತಳತೆ ಸಾಲದೆಂದು ತಳ್ಳಿಬಿಟ್ಟರೆ ಏನು ಗತಿಯೆಂದು ಉಸಿರು ತುಂಬಿ ನಿಂತು ಮೂರ್ಛೆಹೋಗುವಂತಾಗಿತ್ತೆಂಬುದೊಂದನ್ನು ಬಿಟ್ಟರೆ ಆ ದಿನದ ಬೇರೆ ಯಾವ ವಿವರವನ್ನೂ ಅವರು ನಮಗೆ ಹೇಳಿದವರಲ್ಲ. ಕಸುಬನ್ನು ಆರಿಸಿಕೊಳ್ಳುವ ಸಮಯ ಬಂದಾಗ ಬಡಗಿಯ ಕೆಲಸವನ್ನೇ ಬೇಡಿದರಂತೆ. ಊರಿನಲ್ಲಿ ಆಚಾರಿಯ ಮನೆಯ ಮುಂದೆ ಚಿಕ್ಕಂದಿನಲ್ಲಿ ದೂರ ನಿಂತು ನೋಡಿದ ಕೆಲಸವದು.

ಅಂದಿನ ಹಲಸೂರಿನ ತರಬೇತಿಯಲ್ಲಿ ಬಳಕೆಯಲ್ಲಿದ್ದ ಭಾಷೆ ತಮಿಳು, ಹಿಂದೂಸ್ಥಾನಿ, ಇಂಗ್ಲಿಷುಗಳು ಕಲಸಿಹೋದ ಒಂದು ಪಾಕ. ಸ್ಯಾಪರುಗಳನ್ನು ಸೈನ್ಯದವರೆಲ್ಲ ‘ತಂಬಿ’ ಎಂದೇ ಕರೆಯುತ್ತಿದ್ದರು. ಕನ್ನಡದವನೂ ತಂಬಿಯೇ, ತೆಲುಗಿನವನೂ ತಂಬಿಯೇ. ನಮ್ಮ ತಂದೆಯ ಮಾತಿನಲ್ಲಿ ಆ ಪಾಕ ಕೊನೆಯವರೆಗೂ ಉಳಿದಿದ್ದಿತು. ಮನೆಯಲ್ಲಿ ಕೋಲಾರದ ಕನ್ನಡವನ್ನಾಡುತ್ತ ಕುಳಿತವರು ಕೈಗೆ ರಸಮಟ್ಟವನ್ನೋ ಮೂಲೆಮಟ್ಟವನ್ನೋ ತೆಗೆದುಕೊಂಡರೆಂದರೆ ನಾಲಗೆ ತಾನಾಗಿ ಪರೇಡಿನ ಮೈದಾನಕ್ಕೆ ಹೋಗಿಬಿಡುವುದು. ಮಕ್ಕಳಾದ ನಾವು ಹಲಗೆಯ ಕೊನೆಯನ್ನು ಹಿಡಿದು ನಿಂತಾಗ ‘ಜರಾ ಮೇಲೆ’, ‘ಬಸ್’ ಎಂಬ ಆಜ್ಞೆಗಳನ್ನು ಶಿರಸಾವಹಿಸುತ್ತಿದ್ದೆವು.

ಆ ಕೊಟ್ಟಿಗೆಗಳ ಕೀರ್ತಿಯನ್ನು ಜಗತ್ತಿಗೆ ಸಾರಿದ ವಸ್ತುವೊಂದುಂಟು. ಬೆಂಗಳೂರಿನ ಹೆಸರು ದೂರದೇಶಗಳ ಸೇನಾಗ್ರಂಥಗಳಲ್ಲಿ ಇಂದಿಗೂ ಕಾಣುವುದು ಅದರಿಂದಲೇ. 1912ರಲ್ಲಿ ಮದರಾಸು ಸ್ಯಾಪರುಗಳ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಎಂಬಾತನು ಮುಳ್ಳುತಂತಿಯ ಬೇಲಿಗಳನ್ನು ದೂರದಿಂದಲೇ ಒಡೆಯುವುದಕ್ಕಾಗಿ, ಸಿಡಿಮದ್ದು ತುಂಬಿದ ಕೊಳವೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಮುಂದಕ್ಕೆ ನೂಕುತ್ತ ಹೋಗುವ ಸಾಧನವೊಂದನ್ನು ಇಲ್ಲಿಯೇ ರಚಿಸಿದನು. ಇದಕ್ಕೆ ಬೆಂಗಳೂರು ಟಾರ್ಪೆಡೊ ಎಂದು ಹೆಸರಾಯಿತು. 1944ರ ಜೂನ್ ತಿಂಗಳಲ್ಲಿ ನಾರ್ಮಂಡಿಯ ಕಡಲ ತಡಿಯಲ್ಲಿ ಇಳಿದ ಅಮೆರಿಕದ ಸಿಪಾಯಿಗಳು ತಂತಿಬೇಲಿಯನ್ನು ಒಡೆದು ದಾರಿಮಾಡಿಕೊಂಡುದು ಈ ಕೊಳವೆಗಳಿಂದಲೇ. ನಮ್ಮ ತಂದೆಗೆ ಈ ವಿಷಯದಲ್ಲಿ ಗರ್ವವೂ ಇದ್ದಿತು, ನಗೆಯೂ ಇದ್ದಿತು. “ಏನು ಮಹಾ! ಕೊಳಾಯಿ ಕೆಲಸದವನ ಬುದ್ಧಿ ಅದು, ಪೈಪಿಗೆ ಪೈಪು ಜೋಡಿಸಿದ, ನೀರು ಬಿಡೋ ಕಡೆ ಮದ್ದು ಬಿಟ್ಟ” ಎನ್ನುವರು. ಒಮ್ಮೆ ಅಡಿಗೆಮನೆಯ ನೀರಿನ ಕೊಳಾಯಿಗೆ ತುಂಡು ಸೇರಿಸುವಾಗ ಹೀಗೆಂದುದನ್ನು ಕೇಳಿ ನಮ್ಮ ತಾಯಿ ಆ ಕೊಳಾಯಿಯಲ್ಲಿ ಎರಡು ದಿನ ನೀರು ಹಿಡಿಯಲಿಲ್ಲ.

ಯುದ್ಧದಲ್ಲಿ ಅವರು ಮೊದಲು ನೋಡಿದ ಪರದೇಶ ಇಟಲಿ. ನಾಲ್ಕನೆಯ ಇಂಡಿಯನ್ ಡಿವಿಜನ್ನಿನೊಡನೆ ಮದರಾಸು ಸ್ಯಾಪರುಗಳ ಕಂಪನಿಗಳು ಎರಿಟ್ರಿಯಾದ ಕೆರೆನ್ ಕಣಿವೆಯನ್ನೂ ಆಫ್ರಿಕದ ಮರಳುಗಾಡನ್ನೂ ದಾಟಿ 1944ರ ಆರಂಭದಲ್ಲಿ ಕಸ್ಸೀನೋ ಬೆಟ್ಟದ ತಪ್ಪಲಿಗೆ ಬಂದಿದ್ದವು. ಅಲ್ಲಿ ಅವರಿಗೆ ಬಿದ್ದ ಕೆಲಸ ಹೇಸರಗತ್ತೆಗಳ ಕಾಲ್ದಾರಿಯನ್ನು ಟ್ಯಾಂಕುಗಳು ಏರುವಷ್ಟು ಅಗಲಮಾಡುವುದು. ಅದೇ ವರ್ಷದ ಫೆಬ್ರುವರಿಯಲ್ಲಿ, ಹತ್ತಿರದ ಮಿಗ್ನಾನೊ ಎಂಬಲ್ಲಿ ನೆಲಬಾಂಬುಗಳನ್ನು ಹುಡುಕುತ್ತಿದ್ದ ತಂಡದ ಸುಬೇದಾರ್ ಸುಬ್ರಮಣಿಯನ್ ಎಂಬಾತನು, ಸಂಗಾತಿಯ ಕಾಲ ಕೆಳಗೆ ಬಾಂಬು ಕೆರಳಿದುದನ್ನು ಕಂಡೊಡನೆ ಅದರ ಮೇಲೆ ತನ್ನ ಶರೀರವನ್ನೇ ಹಾಸಿ ಉಳಿದವರ ಪ್ರಾಣವನ್ನುಳಿಸಿ ತಾನು ಮಡಿದನು. ಮರಣೋತ್ತರವಾಗಿ ಅವನಿಗೆ ಜಾರ್ಜ್ ಕ್ರಾಸ್ ಪದಕ ಬಂದಿತು. ಈ ಕಥೆಯನ್ನು ನಾನು ಓದಿ ತಿಳಿದುದೇ ಹೊರತು ತಂದೆಯ ಬಾಯಿಂದ ಕೇಳಿದ್ದಲ್ಲ. ಕೇಳಿದರೆ, “ಹೌದು, ಒಳ್ಳೆಯ ಮನುಷ್ಯ” ಎಂದಷ್ಟೆ ಹೇಳಿ ಎದ್ದುಹೋಗುತ್ತಿದ್ದರು.

ಸೇತುವೆಗಳ ಮಾತು, ಅದರಲ್ಲಿಯೂ ಬೈಲಿ ಸೇತುವೆಯ ಮಾತು ಬಂದರೆ ಮಾತ್ರ ಅವರ ಮೌನ ಒಡೆಯುತ್ತಿತ್ತು. ಡೊನಾಲ್ಡ್ ಬೈಲಿ ಎಂಬ ಆಂಗ್ಲ ಎಂಜಿನಿಯರನು ಯುದ್ಧದ ಮೊದಲ ವರ್ಷಗಳಲ್ಲಿ ಕಲ್ಪಿಸಿದ ಉಕ್ಕಿನ ಸೇತುವೆಯದು. ಹತ್ತು ಅಡಿ ಉದ್ದ, ಐದು ಅಡಿ ಎತ್ತರದ ಉಕ್ಕಿನ ಚೌಕಟ್ಟು. ತೂಕ 570 ರಾತ್ಲು. ಆರು ಮಂದಿ ಹೊತ್ತು ನಡೆಯಬಲ್ಲರು. ಒಂದಕ್ಕೊಂದನ್ನು ಗೂಟದಿಂದ ಸಿಕ್ಕಿಸಿ ದಡದ ಮೇಲೆಯೇ ಕಟ್ಟಿ, ಉರುಳೆಗಳ ಮೇಲೆ ಹೊಳೆಯ ಆಚೆಗೆ ನೂಕುವುದು. ಕ್ರೇನು ಬೇಡ, ಬೆಸುಗೆ ಬೇಡ, ದೊಡ್ಡ ವಿದ್ಯೆಯೂ ಬೇಡ; ಒಬ್ಬನು ಕೂಗುವ ಲಯಕ್ಕೆ ಎಲ್ಲರೂ ಭುಜ ಕೊಟ್ಟರೆ ಸಾಕು. 1944ರ ಡಿಸೆಂಬರಿನಲ್ಲಿ ಬರ್ಮಾದ ಕಲೇವಾದ ಬಳಿ ಚಿಂದ್ವಿನ್ ನದಿಯ ಮೇಲೆ ತೇಲುವಂತೆ ಕಟ್ಟಿದ ಇಂಥ ಸೇತುವೆಯ ಉದ್ದ 1,154 ಅಡಿ. ನಮ್ಮ ತಂದೆ ಬರ್ಮಾಕ್ಕೆ ಹೋದವರಲ್ಲ. ಆದರೂ ಆ ಅಳತೆ ಅವರಿಗೆ ಬಾಯಿಪಾಠವಾಗಿತ್ತು. ಯಾರೇ ಮನೆಗೆ ಬರಲಿ, ಅವರಿಗೆ ಇದನ್ನು ಬೆಂಕಿಪೆಟ್ಟಿಗೆಗಳನ್ನು ಜೋಡಿಸಿ ವಿವರಿಸುತ್ತಿದ್ದರು. ಈ ಮನುಷ್ಯ ಕೊಂದವರ ಲೆಕ್ಕವನ್ನಾಗಲಿ ಸತ್ತವರ ಲೆಕ್ಕವನ್ನಾಗಲಿ ಇಟ್ಟುಕೊಳ್ಳದೆ ಕಟ್ಟಿದುದರ ಲೆಕ್ಕವನ್ನು ಮಾತ್ರ ಇಟ್ಟುಕೊಂಡಿದ್ದಾನಲ್ಲ ಎಂದು ನನಗೆ ದೊಡ್ಡವನಾದ ಮೇಲೆ ಆಶ್ಚರ್ಯವಾಗುತ್ತಿತ್ತು.

ಸ್ವತಂತ್ರಭಾರತದ ಮೊದಲನೆಯ ಯುದ್ಧದಲ್ಲಿ ಈ ಕಸುಬುದಾರರ ಪಾತ್ರವೇನೆಂಬುದನ್ನು ಜೋಜಿಲಾ ಕಣಿವೆಯ ವೃತ್ತಾಂತವು ಎಲ್ಲಕ್ಕಿಂತ ಚೆನ್ನಾಗಿ ಹೇಳುತ್ತದೆ. ಕಾಶ್ಮೀರದಿಂದ ಲಡಾಖಿಗೆ ಹೋಗುವ ಈ ಘಟ್ಟದ ದಾರಿ ಸಮುದ್ರಮಟ್ಟದಿಂದ ಹನ್ನೊಂದೂವರೆ ಸಾವಿರ ಅಡಿಯಷ್ಟು ಎತ್ತರದಲ್ಲಿದೆ. 1948ರ ಶರತ್ಕಾಲದಲ್ಲಿ ಅದು ಶತ್ರುಗಳ ವಶದಲ್ಲಿದ್ದು, ಲೇಹ್ ಪಟ್ಟಣದ ದಾರಿ ಕಡಿದುಹೋಗಿತ್ತು. ಕಾಲಾಳುಗಳ ದಾಳಿಗಳು ವಿಫಲವಾಗಿದ್ದವು. ಹಿಮ ಬಿದ್ದರೆ ಮುಂದಿನ ಬೇಸಿಗೆಯವರೆಗೆ ಏನೂ ಮಾಡುವಂತಿರಲಿಲ್ಲ. ಆಗ ಆ ರಂಗದ ಡಿವಿಜನ್ನಿಗೆ ಸೇನಾನಿಯಾಗಿದ್ದವರು ನಮ್ಮ ಮಡಿಕೇರಿಯ ತಿಮ್ಮಯ್ಯನವರು. ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿ ಶತ್ರುವನ್ನು ಬೆರಗುಗೊಳಿಸಬೇಕೆಂದು ಅವರು ನಿಶ್ಚಯಿಸಿದರು. ಏಳನೆಯ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು, ಗುಟ್ಟು ಹೊರಬೀಳದಂತೆ ಅವುಗಳ ಗೋಪುರಗಳನ್ನು ಕಳಚಿ, ಜಮ್ಮುವಿನ ಕಡೆಯಿಂದ ಸಾಗಿಸಲಾಯಿತು. ಆದರೆ ಬಾಲ್ತಾಲಿನಿಂದ ಮೇಲಕ್ಕೆ ಇದ್ದುದು ಹೇಸರಗತ್ತೆಗಳ ಜಾಡು ಮಾತ್ರ. ಅದನ್ನು ಟ್ಯಾಂಕು ಹೋಗುವ ರಸ್ತೆಯನ್ನಾಗಿ ಮಾಡಿದವರು ಮದರಾಸು ಎಂಜಿನಿಯರು ಪಡೆಯ ತಂಬಿಗಳು. ದಕ್ಷಿಣದ ಬಿಸಿಲಿನಲ್ಲಿ ಹುಟ್ಟಿ ಬೆಳೆದ ಈ ಜನ ಕೊರೆಯುವ ಚಳಿಯಲ್ಲಿ, ಎದುರಿನ ಬೆಟ್ಟದಿಂದ ಬೀಳುತ್ತಿದ್ದ ಗುಂಡುಗಳ ನಡುವೆ, ಬಂಡೆಗೆ ಮದ್ದಿಟ್ಟು ಸಿಡಿಸಿ, ಕಲ್ಲು ಹೊತ್ತು ಅಂಚು ಕಟ್ಟಿ, ದಾರಿಯನ್ನು ಸಿದ್ಧಪಡಿಸಿದರು. ನವೆಂಬರ್ 1ರಂದು ಟ್ಯಾಂಕುಗಳು ಘಟ್ಟವನ್ನೇರಿದವು. ಮೊದಲ ಟ್ಯಾಂಕುಗಳ ಸಾಲಿನಲ್ಲಿ ತಿಮ್ಮಯ್ಯನವರೂ ಇದ್ದರು. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಎರಡೂ ಕೈಸೇರಿದವು. ಚರಿತ್ರೆಯಲ್ಲಿ ಟ್ಯಾಂಕಿಗೂ ಸೇನಾನಿಗೂ ಹೆಸರು ಬಂದುದು ನ್ಯಾಯವೇ ಸರಿ. ರಸ್ತೆಗೆ ಹೆಸರು ಬರುವುದು ಕಡಮೆ. ಮೇಲೆ ನಡೆದವನು ಕೆಳಗೆ ನೋಡುವುದಿಲ್ಲವಷ್ಟೆ.

ತಂದೆ ಅಲ್ಲಿದ್ದರೆಂಬುದು ಮನೆಯವರಿಗೆ ಬಹುಕಾಲದ ಮೇಲೆ ತಿಳಿಯಿತು. ಕಾಗದಗಳ ಮೇಲೆ ಇರುತ್ತಿದ್ದುದು ‘ಕೇರಾಫ್ 56 ಎ.ಪಿ.ಓ.’ ಎಂಬ ವಿಳಾಸ. ಅದರಿಂದ ಊರೂ ಗೊತ್ತಾಗದು, ಸೀಮೆಯೂ ಗೊತ್ತಾಗದು. ಆ ಕಾಗದಗಳು ಇಂದೂ ನಮ್ಮಲ್ಲಿವೆ, ಆದರೆ ಅವುಗಳಲ್ಲಿ ಯುದ್ಧದ ಸುದ್ದಿ ಎಳ್ಳಷ್ಟೂ ಇಲ್ಲ. ‘ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯುವುದು’ ಎಂಬೆರಡು ಸಾಲುಗಳ ಕೆಳಗೆ ಬಾವಿಯ ರಾಟೆಯ ಚಿತ್ರ. ಅಚ್ಚು ಸವೆದು ಕಿರುಗುಟ್ಟುವುದೆಂದು ತಾಯಿ ಬರೆಸಿದ ಕಾಗದಕ್ಕೆ ಉತ್ತರವದು. ಇನ್ನೊಂದರಲ್ಲಿ ಮಾಡಿನ ಹಂಚು ಎಲ್ಲಿ ಜಾರಿರಬಹುದು, ಎಷ್ಟನೆಯ ಸಾಲಿನಿಂದ ಬಿಚ್ಚಿಕೊಂಡು ಬರಬೇಕು, ರೀಪಿಗೆ ಯಾವ ಮೊಳೆ ಎಂಬುದರ ನಕ್ಷೆ, ಅಡಿ ಅಂಗುಲಗಳ ಸಮೇತ. ಸೈನ್ಯದ ಕಾಗದಗಳನ್ನು ಓದಿ ನೋಡುವ ಅಧಿಕಾರಿ ಇಂಥ ನಕ್ಷೆಗಳನ್ನು ಕಂಡು ಏನೆಂದುಕೊಂಡನೋ ತಿಳಿಯದು. ಅಂತೂ ಒಂದನ್ನೂ ತಡೆಯಲಿಲ್ಲ. ನಮ್ಮ ಅಣ್ಣನು ಏಳೆಂಟರ ವಯಸ್ಸಿನಲ್ಲಿ ಈ ನಕ್ಷೆಗಳನ್ನು ಕೈಯಲ್ಲಿ ಹಿಡಿದು ಏಣಿಯೇರಿ ಹಂಚು ಸರಿಪಡಿಸುತ್ತಿದ್ದನೆಂದು ತಾಯಿ ಹೇಳುತ್ತಿದ್ದರು.

ರಜೆಯಲ್ಲಿ ಊರಿಗೆ ಬಂದಾಗ ನಡೆದ ಪ್ರಸಂಗವೊಂದನ್ನು ಇಲ್ಲಿ ಹೇಳಲೇಬೇಕು. ನಾನು ಮೇಲೆ ವಿವರಿಸಿದ ಎರಡು ವ್ಯವಸ್ಥೆಗಳೂ ಅಂದು ಒಂದೇ ಜಗಲಿಯ ಮೇಲೆ ಎದುರುಬದುರಾದವು. ತಂದೆ ತಮ್ಮ ಚಿಕ್ಕಪ್ಪನ ಕೂರಿಗೆಯ ತಾಳು ಸಡಿಲಾದುದನ್ನು ಕಂಡು, ಟ್ರಂಕಿನಿಂದ ಉಳಿ ತೆಗೆದು, ಮಧ್ಯಾಹ್ನದ ಹೊತ್ತಿಗೆ ಅದನ್ನು ಬಿಗಿಮಾಡಿಬಿಟ್ಟರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು. ಮಾರನೆಯ ಬೆಳಿಗ್ಗೆ ವೃದ್ಧನಾದ ಆಚಾರಿಯು ಮನೆಯ ಮುಂದೆ ಬಂದು ನಿಂತು, “ಏನಪ್ಪಾ, ಸರ್ಕಾರದ ಸಂಬಳಾನೂ ನಿನಗೇ, ನಮ್ಮ ಕಣದ ಆಯಾನೂ ನಿನಗೇನಾ?” ಎಂದು ಕೇಳಿದನಂತೆ. ತಂದೆ ಉತ್ತರ ಕೊಡದೆ ಒಳಕ್ಕೆ ಹೋಗಿ, ತಾವು ಸರಿಮಾಡಿದ ಕೂರಿಗೆಯನ್ನೇ ತಂದು ಅವನ ಮುಂದಿಟ್ಟು, “ನೋಡಿ ಹೇಳಿ ಆಚಾರ್ರೇ, ತಪ್ಪಿದ್ರೆ ತಿದ್ದಿ” ಎಂದರು. ಮುದುಕನು ಅದನ್ನು ಹಿಂದೆ ಮುಂದೆ ತಿರುಗಿಸಿ, ತಾಳನ್ನು ಅಲುಗಿಸಿ, ಸೀಳಿನೊಳಗೆ ಉಗುರಿಟ್ಟು ನೋಡಿ, “ಗಟ್ಟಿ ಮಾಡಿದ್ದೀಯೆ. ಆದರೆ ಇದು ಹೊಲಕ್ಕೆ ಹೋಗೋದು ಕಣಪ್ಪಾ, ಯುದ್ಧಕ್ಕಲ್ಲ, ಇಷ್ಟು ಬಿಗಿದರೆ ಮಳೆ ಬಿದ್ದಾಗ ಮರ ಉಬ್ಬಿ ಸೀಳುತ್ತೆ” ಎಂದನು. ಹಾಗೆಯೇ ಆಯಿತೆಂದು ತಂದೆ ತಾವೇ ಒಪ್ಪುತ್ತಿದ್ದರು. ಅಂದಿನಿಂದ ರಜೆಗೆ ಬಂದಾಗಲೆಲ್ಲ ಆಚಾರಿಯ ಜಗಲಿಯ ಮೇಲೆ ಹೊತ್ತು ಕಳೆಯುವುದು ರೂಢಿಯಾಯಿತು. ಜಗಲಿಯ ಯಾವ ಅಂಚಿನವರೆಗೆ ಅವರು ಹೋಗಬಹುದಾಗಿತ್ತು, ಯಾವುದರಾಚೆಗೆ ಹೋಗುವಂತಿರಲಿಲ್ಲ ಎಂಬುದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೈನ್ಯದ ಕೊಟ್ಟಿಗೆಯಲ್ಲಿ ಅಳಿಸಿಹೋದ ಗೆರೆ ಊರಿನ ಜಗಲಿಯ ಮೇಲೆ ಅಳಿಸಿಹೋಗಿತ್ತೆಂದು ಭಾವಿಸುವಷ್ಟು ಸರಳವಾದ ಊರು ಅದಲ್ಲ.

ಎರಡನೆಯ ಮಹಾಯುದ್ಧ ಮುಗಿದಾಗ ಇಂಡಿಯಾದ ಸೈನ್ಯದಲ್ಲಿ 25 ಲಕ್ಷದಷ್ಟು ಜನರಿದ್ದರು. ಬಲವಂತದ ಭರ್ತಿಯಿಲ್ಲದೆ ಅಷ್ಟು ದೊಡ್ಡ ಸೈನ್ಯವು ಲೋಕದಲ್ಲಿ ಅದುವರೆಗೆ ಕಂಡುದಿಲ್ಲ. ಅವರಲ್ಲಿ ಬಹುಮಂದಿಯನ್ನು ಮನೆಗೆ ಕಳುಹಿಸಬೇಕಾಗಿ ಬಂದಾಗ ಅವರಿಗೆ ಜೀವನೋಪಾಯವೇನೆಂಬ ಚಿಂತೆ ಸರಕಾರವನ್ನು ಹಿಡಿಯಿತು. 1945ರ ಜುಲೈಯಲ್ಲಿ ಪುನರ್ವಸತಿಗಾಗಿಯೇ ಒಂದು ಇಲಾಖೆಯನ್ನು ನಿರ್ಮಿಸಿ, ಉದ್ಯೋಗ ವಿನಿಮಯ ಕಚೇರಿಗಳನ್ನು ತೆರೆದರು. ಒಂದು ಕಾಲಕ್ಕೆ ಓದಿದ ಹುಡುಗರೆಲ್ಲ ಹೆಸರು ಬರೆಸಲು ಸಾಲುನಿಲ್ಲುತ್ತಿದ್ದ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜುಗಳು ಹುಟ್ಟಿದುದು ಬೂಟು ಕಳಚಿದ ಸಿಪಾಯಿಗಳಿಗಾಗಿ ಎಂಬುದನ್ನು ಎಷ್ಟು ಮಂದಿ ಬಲ್ಲರು? 1950ರಲ್ಲಿ ಅದೇ ಇಲಾಖೆಯು ಕುಶಲಕರ್ಮಿಗಳ ತರಬೇತಿಯ ಯೋಜನೆಯನ್ನು ಆರಂಭಿಸಿತು. ನಮ್ಮ ತಾಲ್ಲೂಕು ತಾಲ್ಲೂಕುಗಳಲ್ಲಿ ಇಂದು ಕಾಣುವ ಐ.ಟಿ.ಐ. ಶಾಲೆಗಳ ಬೇರು ಅಲ್ಲಿದೆ. ಫಿಟ್ಟರು, ಟರ್ನರು, ಬಡಗಿ ಎಂದು ಕಸುಬನ್ನು ಟ್ರೇಡುಗಳಾಗಿ ವಿಂಗಡಿಸಿ ಪರೀಕ್ಷೆಮಾಡಿ ಸರ್ಟಿಫಿಕೇಟು ಕೊಡುವ ಪದ್ಧತಿಯನ್ನು ಸೈನ್ಯದ ಕೊಟ್ಟಿಗೆಯನ್ನು ಬಲ್ಲವನು ನೋಡಿದರೆ ಹಳೆಯ ಪರಿಚಿತನನ್ನು ಕಂಡಂತಾಗುತ್ತದೆ. ಬೆಂಗಳೂರಿನ ಅದೃಷ್ಟವೂ ಆಗ ತೆರೆದಿತ್ತು. 1940ರಲ್ಲಿ ವಿಮಾನದ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆ, ಮರುವರ್ಷ ಎಲೆಕ್ಟ್ರಾನಿಕ್ಸಿನದು ಎಂದು ಒಂದರ ಹಿಂದೊಂದು ಬಂದುವು. ಶಿಳ್ಳೆ ಊದಿದರೆ ಏಳಬೇಕೆಂಬುದನ್ನೂ ಅಳತೆಗೆ ತಪ್ಪಬಾರದೆಂಬುದನ್ನೂ ಮೊದಲೇ ಕಲಿತುಬಂದ ಪಿಂಚಣಿಸಿಪಾಯಿಗಳು ಇಂಥ ಕಾರ್ಖಾನೆಗಳಿಗೆ ಬೇಕಾದ ಜನವೇ ಆಗಿದ್ದರು. ಹವಾಲ್ದಾರರಾಗಿ ನಿವೃತ್ತರಾದ ನಮ್ಮ ತಂದೆಯೂ, ನಡತೆ ‘ಎಗ್ಸೆಂಪ್ಲರಿ’ ಎಂದು ಬರೆದಿದ್ದ ಡಿಸ್ಚಾರ್ಜ್ ಪುಸ್ತಕವನ್ನು ತೋರಿಸಿ, ಇಂಥದೊಂದು ಕಾರ್ಖಾನೆಯ ರಿಪೇರಿ ವಿಭಾಗವನ್ನು ಸೇರಿದರು.

ಇಲ್ಲಿಂದ ಮುಂದಿನದು ನಮ್ಮ ಮನೆಯ ಚರಿತ್ರೆ. ಭಾನುವಾರ ಬೆಳಿಗ್ಗೆ ಚಿಕ್ಕಪೇಟೆಯ ಗುಜರಿ ಬಜಾರಿನಲ್ಲಿ ಬೀದಿಯ ಮೇಲೆ ಹರಡಿದ ತುಕ್ಕುಕಬ್ಬಿಣದ ನಡುವೆ ಕುಕ್ಕುರುಗಾಲಿನಲ್ಲಿ ಕುಳಿತು, ಹಿಡಿ ಮುರಿದ ಕೀಸುಳಿಯನ್ನೋ ಹಲ್ಲು ಸವೆದ ಸ್ಪ್ಯಾನರನ್ನೋ ಎತ್ತಿ ಬೆಳಕಿಗೆ ಹಿಡಿದು ನೋಡುವುದೇ ಅವರ ವಿಲಾಸ. ಮದ್ದುಗುಂಡಿನ ಹಳೆಯ ಪೆಟ್ಟಿಗೆಗಳ ದೇವದಾರು ಹಲಗೆ ನಮ್ಮ ಓದಿನ ಮೇಜಾಯಿತು, ತಂಗಿಯ ನಡೆಬಂಡಿಯಾಯಿತು, ಕೊನೆಗೆ ಕೋಳಿಗೂಡಾಯಿತು. ಬಗ್ಗಿದ ಮೊಳೆಯನ್ನು ಬಿಸಾಡುವುದು ನಮ್ಮ ಮನೆಯಲ್ಲಿ ಅನ್ನ ಚೆಲ್ಲಿದಷ್ಟೇ ದೊಡ್ಡ ತಪ್ಪು. ಸಂಜೆ ದೀಪ ಹೊತ್ತಿಸುವ ಮುನ್ನ ಕಲ್ಲಿನ ಮೇಲೆ ಸುತ್ತಿಗೆಯಿಂದ ಮೊಳೆ ನೆಟ್ಟಗೆ ಮಾಡುವುದು ಮಕ್ಕಳ ಪಾಲಿನ ಸಂಧ್ಯಾಕರ್ಮ. ಪಂಪ್ ಸ್ಟೋವಿನ ಪಿನ್ನು, ಸೈಕಲ್ಲಿನ ಪಂಕ್ಚರು, ಫ್ಯೂಸು, ಕೊಡದ ತೂತು ಎಂದು ಅಕ್ಕಪಕ್ಕದವರೆಲ್ಲ “ಹವಾಲ್ದಾರ್ರೇ” ಎಂದು ಕೂಗುತ್ತ ಬರುವರು. ಇವರು ಹಣವನ್ನು ಮುಟ್ಟುತ್ತಿರಲಿಲ್ಲ. ಕಾಫಿಯನ್ನು ಮಾತ್ರ ಬೇಡವೆನ್ನುತ್ತಿರಲಿಲ್ಲ.

ನಮ್ಮ ತಾಯಿ ಉಬ್ಬಸದಿಂದ ಹಾಸಿಗೆ ಹಿಡಿದ ವರ್ಷಗಳಲ್ಲಿ ಈ ಕೈಗಳ ಇನ್ನೊಂದು ವ್ಯಾಪ್ತಿ ನಮಗೆ ತಿಳಿಯಿತು. ಲಂಗರಿನಲ್ಲಿ ಕಲಿತ ಅಡಿಗೆಯ ಪ್ರಮಾಣವು ಒಂದು ತುಕಡಿಗೆ ಸಾಲುವಂತಹುದಾದುದರಿಂದ ಮೊದಮೊದಲು ಸಾರು ರಾತ್ರಿಗೂ ಮಾರನೆಯ ಬೆಳಿಗ್ಗೆಗೂ ಉಳಿಯುತ್ತಿತ್ತು. ಹೆಣ್ಣುಮಕ್ಕಳಿಬ್ಬರಿಗೂ ಜಡೆ ಹಾಕುವುದು ಅವರೇ. ಸೇತುವೆಯ ಹಗ್ಗ ಹೊಸೆದಂತೆ ಬಿಗಿಯಾಗಿ ಹೆಣೆದ ಆ ಜಡೆಗಳು ಶಾಲೆಯ ಆಟದಲ್ಲಾಗಲಿ ಜಗಳದಲ್ಲಾಗಲಿ ಬಿಚ್ಚಿದ್ದಿಲ್ಲ. ಹುಡುಗಿಯರಿಗೆ ಉಳಿ ಹಿಡಿಯುವುದನ್ನು ಕಲಿಸುವುದೇಕೆ ಎಂದು ನೆಂಟರು ಆಕ್ಷೇಪಿಸಿದರೆ, “ಮೊಳೆಗೇನು ಗೊತ್ತು ಹೊಡೆಯೋದು ಯಾರು ಅಂತ?” ಎಂದುಬಿಡುವರು. ಊರಿನ ಜಗಲಿಯ ಅಂಚಿನಾಚೆ ನಿಂತು ಕಸುಬನ್ನು ನೋಡಿದವರ ಬಾಯಲ್ಲಿ ಆ ಮಾತಿಗಿದ್ದ ತೂಕ ನಮಗೆ ಆಗ ತಿಳಿಯುವಂತಿರಲಿಲ್ಲ.

ಅವರ ಕೆಲಸದಲ್ಲಿ ಚೆಲುವು ಇದ್ದಿತೆಂದು ನಾನು ಸುಳ್ಳು ಹೇಳಲಾರೆ. ಊರಿನ ಆಚಾರಿ ಕೆತ್ತಿದ ಹೊಸ್ತಿಲ ಮೇಲಿನ ಬಳ್ಳಿಯನ್ನು ಅವರು ಜನ್ಮದಲ್ಲಿ ಕೆತ್ತಲಾರದವರಾಗಿದ್ದರು. ಅವರು ಮಾಡಿದ ಕುರ್ಚಿ ಆನೆ ಕುಳಿತರೂ ಮುರಿಯದು, ಆದರೆ ಮನುಷ್ಯನು ಬಹಳ ಹೊತ್ತು ಕುಳಿತಿರಲೂ ಆಗದು. ಎಲ್ಲಿಯೋ ಅಗ್ಗಕ್ಕೆ ದೊರೆತ ಸೈನ್ಯದ ಹಸಿರುಬಣ್ಣವನ್ನು ಮಂಚ, ಬೀರು, ಬಚ್ಚಲುಬಾಗಿಲುಗಳಿಗೆಲ್ಲ ಬಳಿದುದರಿಂದ ಮನೆಯು ಮರೆಯಲ್ಲಿಟ್ಟ ಶಿಬಿರದಂತೆ ತೋರುತ್ತಿತ್ತು. ಪರಂಪರೆಯಿಂದ ಬಂದ ಕಸುಬಿಗೆ ತಲೆಮಾರುಗಳ ವಿರಾಮವಿರುತ್ತದೆ, ಆ ವಿರಾಮದಲ್ಲಿ ಅಲಂಕಾರ ಹುಟ್ಟುತ್ತದೆ. ಪರೀಕ್ಷೆಗಾಗಿ ಕಲಿತ ಕಸುಬಿಗೆ, ಅದರಲ್ಲಿಯೂ ನಾಳೆ ಬೆಳಿಗ್ಗೆಯೊಳಗೆ ಹೊಳೆ ದಾಟಬೇಕಾದವರ ಕಸುಬಿಗೆ, ಆ ಪುರುಸೊತ್ತು ಎಲ್ಲಿಂದ ಬರಬೇಕು?

ಈಗ ಆ ಜಾತಿಯ ಮನುಷ್ಯರು ಹಲಸೂರಿನಲ್ಲಿಯೂ ವಿರಳ. ಸೈನ್ಯದಲ್ಲಿ ಗುದ್ದಲಿಯ ಕೆಲಸವನ್ನು ಬುಲ್‌ಡೋಜರು ಮಾಡುತ್ತದೆ. ಊರಿನಲ್ಲಿ ಕೆಟ್ಟುಹೋದ ವಸ್ತುವನ್ನು ಬಿಚ್ಚಿ ನೋಡುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಅಗ್ಗವೆಂದು ಅಂಗಡಿಯವನೇ ಬುದ್ಧಿಹೇಳುತ್ತಾನೆ. ತಂದೆ ತೀರಿಕೊಂಡ ಮೇಲೆ ಅವರ ಟ್ರಂಕನ್ನು ನಾವು ಒಡಹುಟ್ಟಿದವರೆಲ್ಲ ಕುಳಿತು ತೆರೆದೆವು. ಪದಕಗಳನ್ನು ಅಣ್ಣ ಇಟ್ಟುಕೊಳ್ಳಲೆಂಬುದಕ್ಕೆ ಯಾರ ತಕರಾರೂ ಇರಲಿಲ್ಲ. ಡಿಸ್ಚಾರ್ಜ್ ಪುಸ್ತಕ ನನಗೆ ಬಂದಿತು. ಬಾಚಿ, ಉಳಿಗಳ ಚೀಲಕ್ಕೆ ಮಾತ್ರ ಜಗಳವಾಯಿತು. ಅಣ್ಣ ತನಗೆ ಬೇಕೆಂದನು, ನಾನು ನನಗೆಂದೆನು. ತಂಗಿ ನಮ್ಮಿಬ್ಬರ ವಾದವನ್ನೂ ಕೇಳಿ ಮುಗಿಸಿ, ಅಂಗಳದಲ್ಲಿ ಬಿದ್ದಿದ್ದ ಮರದ ತುಂಡೊಂದನ್ನು ತಂದಿಟ್ಟು, “ಇದಕ್ಕೆ ಒಂದು ಕಚ್ಚು ಹಾಕಿ ತೋರಿಸಿ, ಯಾರದು ಸರಿಯಾಗಿ ಕೂರುತ್ತೋ ಅವರು ತೊಗೊಳ್ಳಿ” ಎಂದಳು. ಅಣ್ಣನು ಸರಕಾರಿ ಕಚೇರಿಯ ಗುಮಾಸ್ತೆ, ನಾನು ಶಾಲೆಯ ಮೇಷ್ಟ್ರು. ಚೀಲ ಈಗ ಮೈಸೂರಿನಲ್ಲಿ ಅವಳ ಮನೆಯಲ್ಲಿದೆ. ಕೀಸುಳಿಯ ಅಲಗನ್ನು ಅವಳು ಹೊಸದು ಹಾಕಿಸಿದ್ದಾಳೆ.